ಅಲ್ಯೂಮಿನಿಯಂ ವೆಲ್ಡಿಂಗ್‌ನಲ್ಲಿ ಬಿರುಕು: 4043 ಹಾಕೋದೋ, 5356 ಹಾಕೋದೋ?

ಅಲ್ಯೂಮಿನಿಯಂ ಜಾಯಿಂಟ್ ಬಿರುಕು ಬಿಟ್ಟರೆ ಮೊದಲು ಬೈಸಿಕೊಳ್ಳುವವನು ವೆಲ್ಡರ್. ಕೈ ಸರಿ ಇಲ್ಲ, ಕರೆಂಟ್ ಜಾಸ್ತಿ ಆಯ್ತು, ಆರ್ಗಾನ್ ಕಳಪೆ ಅಂತ ಮಾತು ಶುರುವಾಗುತ್ತದೆ. ಜಾಯಿಂಟ್‌ಗೆ ಕರಗಿಸಿ ತುಂಬುವ ರಾಡ್ ಯಾವುದು ಹಾಕಿದೆ ಎಂದು ಕೇಳುವವರು ಕಡಿಮೆ. ಕೇಳಿದರೂ "ಅಲ್ಯೂಮಿನಿಯಂ ರಾಡೇ ಹಾಕಿದ್ದು ಸಾರ್" ಎಂಬ ಉತ್ತರ ಸಿಗುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ರಾಡ್ ಎರಡು. ಒಂದು 4043, ಇನ್ನೊಂದು 5356. ಎರಡೂ ಬೆಳ್ಳಗಿವೆ, ಎರಡೂ ಹಗುರ. ಪ್ಯಾಕೆಟ್‌ನಿಂದ ತೆಗೆದು ಒಂದೇ ಡಬ್ಬಿಗೆ ಹಾಕಿಬಿಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೈಯಲ್ಲಿ ಬಗ್ಗಿಸಿ ನೋಡಿದರೆ 5356 ಸ್ವಲ್ಪ ಬಿಗಿ, 4043 ಮೆದು. ಆದರೆ ಅದನ್ನೇ ನಂಬಿ ಕೆಲಸ ಮಾಡಬೇಡಿ. ಒಳ್ಳೆಯ ರಾಡ್‌ಗಳ ತುದಿಯಲ್ಲಿ ನಂಬರ್ ಒತ್ತಿರುತ್ತಾರೆ. ಆ ತುದಿಯನ್ನು ಕೈಯಲ್ಲಿ ಹಿಡಿದು ಇನ್ನೊಂದು ತುದಿಯಿಂದ ಕರಗಿಸುತ್ತಾ ಬಂದರೆ, ಉಳಿದ ತುಂಡು ಯಾವುದೆಂದು ಕೊನೆಯವರೆಗೂ ಗೊತ್ತಿರುತ್ತದೆ.

ಬಿರುಕಿನ ಮುಕ್ಕಾಲು ಕಥೆ ವೆಲ್ಡ್ ಜಾಗದಲ್ಲಿ ಕರಗಿ ನಿಂತ ಲೋಹದ ಕೊಳದಲ್ಲಿ ಯಾವ ಲೋಹ ಎಷ್ಟು ಬೆರೆತಿದೆ ಎಂಬುದರಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಕೈಚಳಕ ಅದರ ನಂತರದ್ದು. ಹಾಗಾಗಿ ಮೆಷಿನ್ ಹೋಲಿಕೆಗಿಂತ ಮೊದಲು ರಾಡ್ ಹೋಲಿಕೆ.

ಬಿರುಕು ಯಾವಾಗ ಹುಟ್ಟುತ್ತದೆ

ಎಂಎಸ್ (ಸಾಧಾರಣ ಉಕ್ಕು) ವೆಲ್ಡಿಂಗ್‌ನಲ್ಲಿ ಪಳಗಿದವರು ಒಂದು ಅಭ್ಯಾಸವನ್ನು ಜೊತೆಗೆ ತರುತ್ತಾರೆ. ಬಿರುಕು ಅಂದರೆ ಚೆನ್ನಾಗಿ ಬಿಸಿ ಮಾಡು, ನಿಧಾನ ತಣಿಸು. ದಪ್ಪ ಉಕ್ಕಿನಲ್ಲಿ ಅದು ಸರಿ. ಅಲ್ಲಿ ಹೈಡ್ರೋಜನ್ ಒಳಗೆ ಸಿಕ್ಕಿಕೊಂಡು, ಜಾಬ್ (ವೆಲ್ಡ್ ಮಾಡಿದ ವಸ್ತು) ತಣ್ಣಗಾದ ಮೇಲೆ ಬಿರುಕು ಬಿಡಿಸುತ್ತದೆ. ಅಲ್ಯೂಮಿನಿಯಂನಲ್ಲಿ ಹೈಡ್ರೋಜನ್ ಸಣ್ಣ ಸಣ್ಣ ತೂತು ಮಾಡುತ್ತದೆ, ಬಿರುಕು ಮಾಡುವುದಿಲ್ಲ. ಇಲ್ಲಿ ಬಿರುಕು ಹುಟ್ಟುವುದು ಬಿಸಿ ಇದ್ದಾಗಲೇ, ಲೋಹ ಗಟ್ಟಿಯಾಗುವ ಕೊನೆಯ ಕ್ಷಣದಲ್ಲಿ.

ಆ ಕ್ಷಣವನ್ನು ಹತ್ತಿರದಿಂದ ನೋಡೋಣ. ಟಾರ್ಚ್ ಮುಂದೆ ಹೋದ ಮೇಲೆ ಕೊಳ ಅಂಚಿನಿಂದ ಒಳಗೆ ಗಟ್ಟಿಯಾಗುತ್ತಾ ಬರುತ್ತದೆ. ಎರಡೂ ಕಡೆಯಿಂದ ಹರಳುಗಳು ಬೆಳೆದು ನಡುವೆ ಸಂಧಿಸುತ್ತವೆ. ಅವುಗಳ ಮಧ್ಯೆ ಇನ್ನೂ ಕರಗಿದ ಲೋಹದ ತೆಳು ಪದರ ಉಳಿದಿರುತ್ತದೆ. ಇದೇ ಹೊತ್ತಿಗೆ ಲೋಹ ಕುಗ್ಗುತ್ತಿದೆ. ದ್ರವದಿಂದ ಘನವಾಗುವಾಗ ಅಲ್ಯೂಮಿನಿಯಂನ ಗಾತ್ರ ಸುಮಾರು ಶೇ. 6ರಷ್ಟು ಇಳಿಯುತ್ತದೆ. ಬಿಸಿಗೆ ಹಿಗ್ಗುವುದು, ತಣಿದಾಗ ಕುಗ್ಗುವುದು ಉಕ್ಕಿನ ಹೆಚ್ಚುಕಮ್ಮಿ ಎರಡರಷ್ಟು. ಎರಡೂ ಬದಿಯ ತಗಡು ತನ್ನ ಕಡೆಗೆ ಎಳೆಯುತ್ತದೆ. ನಡುವಿನ ದ್ರವ ಸಾಕಷ್ಟಿದ್ದರೆ ಹರಿದುಬಂದು ಆ ಜಾಗ ತುಂಬುತ್ತದೆ. ಸಾಲದಿದ್ದರೆ ಪದರವೇ ಸೀಳುತ್ತದೆ. ಅದೇ ಬಿರುಕು.

ಆ ದ್ರವ ಎಷ್ಟು ಉಳಿಯುತ್ತದೆ ಎಂಬುದನ್ನು ಮಿಶ್ರಣ ನಿರ್ಧರಿಸುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಒಂದೇ ಸಲ ಗಟ್ಟಿಯಾಗುತ್ತದೆ, ತೊಂದರೆ ಕಡಿಮೆ. ಸಿಲಿಕಾನ್ ಅಥವಾ ಮೆಗ್ನೀಸಿಯಂ ಧಾರಾಳವಾಗಿದ್ದರೆ ಕೊನೆಯವರೆಗೂ ದ್ರವ ಇರುತ್ತದೆ, ಆಗಲೂ ತೊಂದರೆ ಕಡಿಮೆ. ಕಷ್ಟ ಇರುವುದು ನಡುವೆ, ಸ್ವಲ್ಪ ಮಾತ್ರ ಬೆರೆತಾಗ. ಸಿಲಿಕಾನ್ ಶೇ. 0.5ರಿಂದ 1ರ ಆಸುಪಾಸು, ಮೆಗ್ನೀಸಿಯಂ ಶೇ. 1ರಿಂದ 1.5ರ ಆಸುಪಾಸು, ತಾಮ್ರ ಶೇ. 2ರಿಂದ 3ರ ಆಸುಪಾಸು ಇದ್ದರೆ ಬಿರುಕಿನ ಅಪಾಯ ಅತಿ ಹೆಚ್ಚು.

ಈಗ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಜಾತಕ ನೋಡಿ: ಮೆಗ್ನೀಸಿಯಂ ಶೇ. 0.8ರಿಂದ 1.2, ಸಿಲಿಕಾನ್ ಶೇ. 0.4ರಿಂದ 0.8. ಎರಡೂ ಅಪಾಯದ ಜಾಗದಲ್ಲೇ ಕೂತಿವೆ! ಅದಕ್ಕೇ 6000 ಸರಣಿಯ, ಅಂದರೆ ನಂಬರ್ 6ರಿಂದ ಶುರುವಾಗುವ ಲೋಹದ ಸೆಕ್ಷನ್‌ಗಳನ್ನು ರಾಡ್ ಇಲ್ಲದೆ ಸುಮ್ನೆ ಅಂಚು ಕರಗಿಸಿ ಕೂಡಿಸಬಾರದು. ಅದೇ ಲೋಹದ ಪಟ್ಟಿ ಕತ್ತರಿಸಿ ರಾಡ್ ತರಹ ಬಳಸುವುದೂ ಅಷ್ಟೇ ತಪ್ಪು. "ಅದೇ ಲೋಹ ತಾನೇ, ಚೆನ್ನಾಗಿ ಹೊಂದುತ್ತೆ" ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಹೊಂದದಿರುವ ರಾಡೇ ಇಲ್ಲಿ ಕಾಪಾಡುವುದು.

ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ತಿಳಿಯಿರಿ

ನಮ್ಮ ಕಡೆ ಲೋಹದ ಅಂಗಡಿಗಳಲ್ಲಿ ಮೂರು ಬಗೆಯ ಹೆಸರು ಓಡಾಡುತ್ತವೆ. ಹಳೆಯ ಬ್ರಿಟಿಷ್ ಹೆಸರು, ಐಎಸ್ (ಭಾರತೀಯ ಮಾನಕ) ನಂಬರ್, ಮತ್ತು ನಾಲ್ಕಂಕಿಯ ಅಂತರರಾಷ್ಟ್ರೀಯ ನಂಬರ್. ಎಚ್‌ಇ9 ಅಂದರೆ 6063, ಐಎಸ್‌ನಲ್ಲಿ 63400. ಎಚ್‌ಇ20 ಅಂದರೆ 6061, ಅಂದರೆ 65032. ಎಚ್‌ಇ30 ಅಂದರೆ 6082, ಅಂದರೆ 64430. 5083ಕ್ಕೆ ಐಎಸ್ ನಂಬರ್ 54300, 5052ಕ್ಕೆ 52000. ಕಿಟಕಿ, ಬಾಗಿಲಿನ ಸೆಕ್ಷನ್ ಸಾಮಾನ್ಯವಾಗಿ 6063. ಲಾರಿ, ಬೋಟು, ಟ್ಯಾಂಕರ್‌ಗೆ ಬರುವ ಪ್ಲೇಟ್ 5000 ಸರಣಿಯದ್ದಾಗಿರಬಹುದು. ಗುಜರಿ ಮಾಲಾದರೆ ಊಹೆ ಮಾಡಬೇಡಿ. ಒಂದು ತುಂಡನ್ನು ಲ್ಯಾಬ್‌ಗೆ ಕೊಟ್ಟು ಕೆಮಿಕಲ್ ಟೆಸ್ಟ್ ಮಾಡಿಸಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇದು ದೊಡ್ಡ ಕೆಲಸವೇನಲ್ಲ. ಒಂದು ಜಾಬ್ ಪೂರ್ತಿ ಕತ್ತರಿಸಿ ಮತ್ತೆ ಮಾಡುವುದಕ್ಕಿಂತ ಅಗ್ಗ.

6000 ಸರಣಿಗೆ: ಎರಡರಲ್ಲಿ ಯಾವುದು?

ಬರೀ ಬಿರುಕು ತಪ್ಪಿಸುವುದೇ ಗುರಿಯಾದರೆ 4043 ಮುಂದು. ಅದರಲ್ಲಿ ಸಿಲಿಕಾನ್ ಸುಮಾರು ಶೇ. 5 ಇದೆ. ಕೊಳ ನೀರಿನಂತೆ ಹರಿಯುತ್ತದೆ, ಮೂಲೆಗೆ ಚೆನ್ನಾಗಿ ಕೂರುತ್ತದೆ. ಇನ್ನೊಂದು ಗುಣ ಜಾಸ್ತಿ ಜನ ಗಮನಿಸುವುದಿಲ್ಲ. ಬಿರುಕು ಬೀಡ್ (ಗಟ್ಟಿಯಾದ ವೆಲ್ಡ್ ಪಟ್ಟಿ) ಒಳಗೇ ಬರಬೇಕೆಂದಿಲ್ಲ, ಪಕ್ಕದ ಮೂಲ ಲೋಹದಲ್ಲೂ ಬರುತ್ತದೆ. ಬೀಡ್‌ಗೆ ಅಂಟಿಕೊಂಡ ಜಾಗದಲ್ಲಿ ಹರಳುಗಳ ಗಡಿ ಮಾತ್ರ ಅರೆಬರೆ ಕರಗಿರುತ್ತದೆ. ಬೀಡ್ ಬೇಗ ಗಟ್ಟಿಯಾಗಿ ಎಳೆದರೆ ಆ ಗಡಿ ಬಿಟ್ಟುಕೊಳ್ಳುತ್ತದೆ. 4043 ತಡವಾಗಿ ಗಟ್ಟಿಯಾಗುವುದರಿಂದ, ಅಷ್ಟರಲ್ಲಿ ಪಕ್ಕದ ಲೋಹ ಗಟ್ಟಿಯಾಗಿ ಎಳೆತ ತಡೆದುಕೊಳ್ಳುತ್ತದೆ. 6082ರ ದಪ್ಪ ಸೆಕ್ಷನ್‌ಗೆ 5356 ಹಾಕಿದಾಗ ಬೀಡ್ ಅಂಚಿನಲ್ಲಿ ಕೂದಲೆಳೆ ಬಿರುಕು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹಾಗಾದರೆ 5356 ಯಾಕೆ ಬೇಕು? ಮೂರು ಕಾರಣ.

ಒಂದು, ಶಕ್ತಿ. ಮೂಲೆಗೆ ಹಾಕುವ ಫಿಲೆಟ್ ವೆಲ್ಡ್‌ನಲ್ಲಿ ಕತ್ತರಿಸುವ ಬಲವನ್ನು 5356 ರಾಡ್ 4043ರ ಸುಮಾರು ಒಂದೂವರೆ ಪಟ್ಟು ತಡೆಯುತ್ತದೆ. ಬೀಡ್ ಬಾಗುತ್ತದೆ, ತಟ್ಟನೆ ಒಡೆಯುವುದಿಲ್ಲ. ಏಣಿ, ಟ್ರೇಲರ್ ಚೌಕಟ್ಟು, ಭಾರ ಹೊರುವ ಬ್ರಾಕೆಟ್ ಇವಕ್ಕೆ ನಾನು 5356 ಕಡೆಯೇ.

ಎರಡು, ಬಣ್ಣ. ಆನೊಡೈಸ್ ಮಾಡಿಸುವ, ಅಂದರೆ ಮೇಲ್ಮೈಗೆ ವಿದ್ಯುತ್ತಿನಿಂದ ಆಕ್ಸೈಡ್ ಪದರ ಕೂರಿಸುವ ಜಾಬ್‌ಗೆ 4043 ಹಾಕಿದರೆ ಬೀಡ್ ಬೂದು-ಕಪ್ಪಾಗಿ ಎದ್ದು ಕಾಣುತ್ತದೆ. ಸಿಲಿಕಾನ್ ಮಾಡುವ ಕೆಲಸ ಅದು, ಎಷ್ಟು ಪಾಲಿಶ್ ಮಾಡಿದರೂ ಹೋಗುವುದಿಲ್ಲ. ಮೆಟ್ಟಿಲ ರೇಲಿಂಗ್ ಮಾಡಿ ಆನೊಡೈಸಿಂಗ್‌ಗೆ ಕಳಿಸಿ, ವಾಪಸ್ ಬಂದಾಗ ಪ್ರತಿ ಜಾಯಿಂಟ್‌ನಲ್ಲೂ ಕಪ್ಪು ಉಂಗುರ ಕಂಡು ತಲೆ ಚಚ್ಚಿಕೊಂಡವರು ಇದ್ದಾರೆ.

ಮೂರು, ಮಿಗ್ ವೈರ್. ಮಿಗ್ ಮೆಷಿನ್ನಿನಲ್ಲಿ ರಾಡ್ ಬದಲು ವೈರ್ ತಾನಾಗಿ ಬರುತ್ತದೆ. 4043 ಮೆದುವಾದ್ದರಿಂದ ಉದ್ದ ಕೇಬಲ್‌ನಲ್ಲಿ ತಳ್ಳಿದರೆ ರೋಲರ್ ಹತ್ತಿರ ಸುರುಳಿ ಸುತ್ತಿಕೊಳ್ಳುತ್ತದೆ. 5356 ಬಿಗಿ, ಸಲೀಸಾಗಿ ಬರುತ್ತದೆ. ಇದು ಬರೀ ಅನುಕೂಲದ ಮಾತಲ್ಲ. ವೈರ್ ತಡವರಿಸಿದರೆ ಆರ್ಕ್ ನಿಲ್ಲುತ್ತದೆ, ನಿಂತ ಕಡೆಯೆಲ್ಲ ಒಂದೊಂದು ಗುಂಡಿ, ಪ್ರತಿ ಗುಂಡಿಯೂ ಬಿರುಕಿಗೆ ಆಹ್ವಾನ.

5356ಕ್ಕೆ ಒಂದು ಗಟ್ಟಿ ನಿಷೇಧವಿದೆ. ಜಾಬ್ ದೀರ್ಘಕಾಲ 65 ಡಿಗ್ರಿಗಿಂತ ಬಿಸಿಯಲ್ಲಿ ಇರುವುದಾದರೆ ಅದನ್ನು ಹಾಕಬೇಡಿ. ಶೇ. 3ಕ್ಕಿಂತ ಹೆಚ್ಚು ಮೆಗ್ನೀಸಿಯಂ ಇರುವ ಲೋಹ ಆ ಬಿಸಿಯಲ್ಲಿ ನಿಧಾನವಾಗಿ ಬದಲಾಗುತ್ತದೆ. ಹರಳುಗಳ ಗಡಿಯಲ್ಲಿ ಮೆಗ್ನೀಸಿಯಂ ಸೇರಿಕೊಂಡು, ತೇವ ಮತ್ತು ಒತ್ತಡ ಕೂಡಿದಾಗ ಬಿರುಕು ಬಿಡುತ್ತದೆ. ವೆಲ್ಡ್ ಮಾಡಿದ ದಿನ ಚಂದವೇ ಇರುತ್ತದೆ, ಬಹಳ ಕಾಲದ ನಂತರ ಒಡೆಯುತ್ತದೆ. ಇಂಜಿನ್ ಹತ್ತಿರದ ಪೈಪು, ಬಿಸಿ ದ್ರವದ ಟ್ಯಾಂಕ್, ರೇಡಿಯೇಟರ್ ಕೆಲಸಕ್ಕೆ ಮೂಲ ಲೋಹ 6000 ಸರಣಿಯದ್ದಾದರೆ 4043 ಹಾಕಿ. ಸೋರಲೇಬಾರದ ತೆಳು ಕೆಲಸಕ್ಕೆ 4047 ರಾಡ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಸಿಲಿಕಾನ್ ಶೇ. 11ರಿಂದ 13. ಗಟ್ಟಿಯಾಗುವುದು 582ರಿಂದ 577 ಡಿಗ್ರಿಯ ಒಳಗೆ, ಬರೀ ಐದು ಡಿಗ್ರಿಯಲ್ಲಿ ಮುಗಿಯುತ್ತದೆ. ಸೀಳಲು ಅವಕಾಶವೇ ಕಡಿಮೆ.

5000 ಸರಣಿ ಮತ್ತು ಎರಕ

ಇಲ್ಲಿ ಆಯ್ಕೆ ಸುಲಭ. 5083ರಂಥ ಮೆಗ್ನೀಸಿಯಂ ಜಾಸ್ತಿ ಇರುವ ಪ್ಲೇಟ್‌ಗೆ 4043 ಹಾಕಲೇಬೇಡಿ. ರಾಡಿನ ಸಿಲಿಕಾನ್, ಪ್ಲೇಟಿನ ಮೆಗ್ನೀಸಿಯಂ ಸೇರಿ ಪೆಡಸಾದ ಸಂಯುಕ್ತ ಹುಟ್ಟುತ್ತದೆ. ಬೀಡ್ ನೋಡಲು ಹೊಳೆಯುತ್ತದೆ, ಸುತ್ತಿಗೆಯಲ್ಲಿ ಬಡಿದರೆ ಒಡೆಯುತ್ತದೆ. 5356 ಹಾಕಿ. ಪೂರ್ತಿ ಶಕ್ತಿ ಬೇಕಾದ ಬೋಟ್, ಟ್ಯಾಂಕ್ ಕೆಲಸಕ್ಕೆ 5183 ರಾಡ್ ಹುಡುಕಿ. 5052ಕ್ಕೂ 5356ನೇ ಮೊದಲ ಆಯ್ಕೆ. 5052ರಲ್ಲಿ ಮೆಗ್ನೀಸಿಯಂ ಶೇ. 2.5ರಷ್ಟೇ ಇರುವುದರಿಂದ ರಾಡ್ ಇಲ್ಲದೆ ಕರಗಿಸುವ ಆಸೆ ಬೇಡ. 6061 ತುಂಡನ್ನು 5083ಕ್ಕೆ ಕೂಡಿಸುವಾಗಲೂ 5356.

ಎರಕದ ಭಾಗಗಳಲ್ಲಿ, ಅಂದರೆ ಕ್ರ್ಯಾಂಕ್‌ಕೇಸ್, ಪಂಪ್ ಬಾಡಿ, ಗೇರ್‌ಬಾಕ್ಸ್ ಕವರ್‌ನಲ್ಲಿ, ಸಾಮಾನ್ಯವಾಗಿ ಸಿಲಿಕಾನ್ ಜಾಸ್ತಿ ಇರುತ್ತದೆ. ಎಲ್‌ಎಂ6, ಎಲ್‌ಎಂ25 ಎಂಬ ಎರಕದ ಲೋಹಗಳೆರಡಕ್ಕೂ 4043 ಅಥವಾ 4047. ಇಲ್ಲಿ ತೊಂದರೆ ಕೊಡುವುದು ಎಣ್ಣೆ. ಎರಕದ ಸಣ್ಣ ತೂತುಗಳಲ್ಲಿ ಇಳಿದ ಆಯಿಲ್ ಒರೆಸಿದರೆ ಹೋಗುವುದಿಲ್ಲ. ಹದವಾಗಿ ಬಿಸಿ ಮಾಡಿ, ಉಕ್ಕಿ ಬಂದದ್ದನ್ನು ಒರೆಸಿ, ಮತ್ತೆ ಬಿಸಿ ಮಾಡಿ ಹೊರತೆಗೆಯಬೇಕು.

ವೆಲ್ಡ್ ಮಾಡುವುದಿಲ್ಲ ಎನ್ನಬೇಕಾದ ಲೋಹಗಳು

7075 ತುಂಡು ಹಿಡಿದು ಬರುವ ಗಿರಾಕಿ "ಏರ್‌ಕ್ರಾಫ್ಟ್ ಗ್ರೇಡ್ ಸಾರ್, ಗಟ್ಟಿಮುಟ್ಟು" ಎನ್ನುತ್ತಾನೆ. ಗಟ್ಟಿ ಹೌದು, ಶಾಖ ಕೊಟ್ಟು ಗಟ್ಟಿ ಮಾಡಿದ ಟಿ6 ಸ್ಥಿತಿಯಲ್ಲಿ 570 ಮೆಗಾಪಾಸ್ಕಲ್ ಹತ್ತಿರ. ಆದರೆ ಸತು, ಮೆಗ್ನೀಸಿಯಂ, ತಾಮ್ರ ಮೂರೂ ಸೇರಿದ ಆ ಮಿಶ್ರಣ ತಣಿಯುವಾಗ ಬಹಳ ಹೊತ್ತು ಅರೆಗಟ್ಟಿಯಾಗಿಯೇ ಇರುತ್ತದೆ. 4043 ಹಾಕಿ, 5356 ಹಾಕಿ, ಬಿರುಕು ಬಿಡುತ್ತದೆ. ಬಿಡದಿದ್ದರೂ ನಂಬುವಂತಿಲ್ಲ. 2024 ಕೂಡ ಅದೇ ಗುಂಪು. ಇವಕ್ಕೆ ಬೋಲ್ಟ್, ರಿವೆಟ್ ಅಥವಾ ಹೊಸ ತುಂಡು ಮಷಿನಿಂಗ್. ಅದೇ 7000 ಸರಣಿಯ 7005, 7020ರಲ್ಲಿ ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. ಅವನ್ನು 5356 ಹಾಕಿ ವೆಲ್ಡ್ ಮಾಡಬಹುದು. ಸರಣಿ ನೋಡಿ ಹೌದು-ಇಲ್ಲ ಹೇಳಬಾರದು ಅನ್ನುವುದು ಇದಕ್ಕೇ.

ಸಂಖ್ಯೆಗಳ ಆಟ ಎಷ್ಟು ನಿಜ ಎಂಬುದಕ್ಕೆ 2219 ಒಳ್ಳೆಯ ಸಾಕ್ಷಿ. ಅದರಲ್ಲಿ ತಾಮ್ರ ಶೇ. 5.8ರಿಂದ 6.8, ಅಪಾಯದ ಜಾಗ ದಾಟಿ ಆಚೆ ಹೋಗಿದೆ. ಅದಕ್ಕೆ ಹೊಂದುವ 2319 ರಾಡ್ ಹಾಕಿ ವೆಲ್ಡ್ ಮಾಡುತ್ತಾರೆ. ಇಸ್ರೋ ರಾಕೆಟ್‌ಗಳ ಇಂಧನ ಟ್ಯಾಂಕ್‌ಗೆ ಇದೇ ಲೋಹ ಬಳಕೆಯಲ್ಲಿದೆ. ಆ ಟ್ಯಾಂಕ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಿಸುತ್ತಾರೆ.

ಕರಗಿಸದೇ ಕೂಡಿಸುವ ದಾರಿಯೂ ಇದೆ. ತಿರುಗುವ ಉಪಕರಣವನ್ನು ಜಾಯಿಂಟ್ ಒಳಗೆ ಒತ್ತಿ, ತಿಕ್ಕಾಟದ ಬಿಸಿಯಲ್ಲಿ ಲೋಹವನ್ನು ಕಲಸಿ ಕೂಡಿಸುವ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್. ಬ್ರಿಟನ್ನಿನ ಟಿಡಬ್ಲ್ಯುಐ ಸಂಸ್ಥೆಯಲ್ಲಿ 1991ರಲ್ಲಿ ಹುಟ್ಟಿದ್ದು. ಲೋಹ ಕರಗುವುದೇ ಇಲ್ಲವಾದ್ದರಿಂದ ಗಟ್ಟಿಯಾಗುವಾಗ ಬಿಡುವ ಬಿರುಕಿನ ಪ್ರಶ್ನೆಯೇ ಇಲ್ಲ, 7075 ಕೂಡ ಕೂಡುತ್ತದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಸಂಶೋಧಕರು ಟೈಟಾನಿಯಂ ಕಾರ್ಬೈಡಿನ ಅತಿಸೂಕ್ಷ್ಮ ಕಣ ಬೆರೆಸಿದ ರಾಡ್‌ನಿಂದ 7075 ಅನ್ನು ಬಿರುಕಿಲ್ಲದೆ ಆರ್ಕ್ ವೆಲ್ಡ್ ಮಾಡಿ ತೋರಿಸಿದರು. ಸಂತೋಷವೇ. ಆದರೆ ನಿಮ್ಮ ಊರಿನ ಅಂಗಡಿಗೆ ಆ ರಾಡ್ ಬರುವ ತನಕ ಬೋಲ್ಟ್ ಹಾಕಿ.

ಸರಿ ರಾಡ್ ಹಾಕಿಯೂ ಬಿರುಕು ಬಂದರೆ

ಮೊದಲು ಅಂಚು ನೋಡಿ. ಅಂಚಿಗೆ ಇಳಿಜಾರು ಹೊಡೆಯದೆ, ಪ್ಲೇಟನ್ನು ನೇರ ಒತ್ತಿಟ್ಟು ವೆಲ್ಡ್ ಮಾಡಿದರೆ ಕೊಳದಲ್ಲಿ ಮೂಲ ಲೋಹವೇ ತುಂಬಿರುತ್ತದೆ. ಒಂದು ಲೆಕ್ಕ ಹಾಕೋಣ. 6061ರಲ್ಲಿ ಸಿಲಿಕಾನ್ ಶೇ. 0.6, 4043ರಲ್ಲಿ ಶೇ. 5 ಅಂತಿಟ್ಟುಕೊಳ್ಳಿ. ಕೊಳದಲ್ಲಿ ನೂರಕ್ಕೆ 80 ಪಾಲು ಪ್ಲೇಟ್, 20 ಪಾಲು ರಾಡ್ ಇದ್ದರೆ ಬೀಡ್‌ನಲ್ಲಿ ಸಿಲಿಕಾನ್ ಸುಮಾರು ಶೇ. 1.5. ಅಪಾಯದ ಬಾಗಿಲಲ್ಲೇ ನಿಂತ ಹಾಗೆ. ವಿ ಆಕಾರದಲ್ಲಿ ಅಂಚು ಕೊರೆದು ಅರ್ಧಕ್ಕರ್ಧ ರಾಡ್ ಸೇರುವಂತೆ ಮಾಡಿದರೆ ಶೇ. 2.8 ಆಗುತ್ತದೆ. ಸಾಕಷ್ಟು ದೂರ ಬಂದಿರಿ. ಅದೇ ರಾಡ್, ಅದೇ ಪ್ಲೇಟ್, ಅದೇ ಕೈ. ಗ್ರೈಂಡರ್ ಮಾತ್ರ ಹೆಚ್ಚುವರಿ.

ಟಿಗ್ ಒಳ್ಳೆಯದೋ ಮಿಗ್ ಒಳ್ಳೆಯದೋ ಎಂಬ ಜಗಳವನ್ನೂ ಇದೇ ಕಣ್ಣಿನಿಂದ ನೋಡಬೇಕು. ಟಿಗ್‌ನಲ್ಲಿ, ನಾವೆಲ್ಲ ಆರ್ಗಾನ್ ವೆಲ್ಡಿಂಗ್ ಅನ್ನುವುದರಲ್ಲಿ, ರಾಡ್ ಕೊಡುವುದು ವೆಲ್ಡರ್ ಕೈಯಲ್ಲಿದೆ. ಬೀಡ್ ಸಪಾಟಾಗಿ ಚಂದ ಕಾಣಲಿ ಎಂದು ರಾಡ್ ಉಳಿಸುವ ಚಟ ಕೆಲವರಿಗಿದೆ, ಅಲ್ವಾ? ಆ ಚಂದದ ಬೀಡೇ ನಡುವೆ ಸೀಳುತ್ತದೆ. ಮಿಗ್‌ನಲ್ಲಿ ಆರ್ಕ್ ಇರುವವರೆಗೂ ವೈರ್ ಬಂದೇ ಬರುತ್ತದೆ, ಓಟವೂ ಬೇಗ. ಬೇಗ ಓಡಿದಷ್ಟೂ ಬಿಸಿಯಾಗುವ ಪಟ್ಟಿ ಕಿರಿದು. ಹಾಗಾಗಿ ಚೌಕಟ್ಟಿನ ಉದ್ದ ಬೀಡ್‌ಗಳಿಗೆ ಬಿರುಕಿನ ದೃಷ್ಟಿಯಿಂದ ಮಿಗ್ ಮೇಲು. ತೆಳು ತಗಡು, ಎರಕದ ರಿಪೇರಿ, ಸೋರಿಕೆ ತಡೆಯುವ ಕೆಲಸಕ್ಕೆ ಟಿಗ್. ಮಿಗ್‌ನ ದೌರ್ಬಲ್ಯ ಬೀಡಿನ ಕೊನೆ.

ಆ ಕೊನೆಯ ಒಂದು ಸೆಂಟಿಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆರ್ಕ್ ತಟ್ಟನೆ ಕತ್ತರಿಸಿದರೆ ಕೊಳ ಸುತ್ತಲಿಂದ ನಡುವಿಗೆ ಗಟ್ಟಿಯಾಗಿ, ಮಧ್ಯೆ ಬಟ್ಟಲಿನಂಥ ಗುಂಡಿ ಉಳಿಯುತ್ತದೆ. ಗುಂಡಿಯ ತಳದಲ್ಲಿ ನಕ್ಷತ್ರದಂತೆ ಮೂರು-ನಾಲ್ಕು ಎಳೆ ಬಿರುಕು. ಬರಿಗಣ್ಣಿಗೆ ಕಂಡರೆ ಪುಣ್ಯ. ಕಾಣದೆ ಹೋದರೆ ಜಾಬ್ ಕೆಲಸಕ್ಕೆ ಬಿದ್ದ ಮೇಲೆ ಅಲ್ಲಿಂದಲೇ ಉದ್ದಕ್ಕೂ ಸೀಳುತ್ತದೆ. ಟಿಗ್‌ನಲ್ಲಿ ಪೆಡಲ್ ನಿಧಾನ ಬಿಡುತ್ತಾ, ಅಥವಾ ಡೌನ್ ಸ್ಲೋಪ್ (ಕರೆಂಟ್ ತಾನಾಗಿ ನಿಧಾನ ಇಳಿಸುವ ಸೆಟ್ಟಿಂಗ್) ಇಟ್ಟು, ಕರೆಂಟ್ ಇಳಿಯುವಾಗ ಇನ್ನೆರಡು ಹನಿ ರಾಡ್ ಹಾಕಿ. ಗುಂಡಿಯಲ್ಲ, ಉಬ್ಬು ಉಳಿಯಬೇಕು. ಮಿಗ್‌ನಲ್ಲಿ ಗುಂಡಿ ತುಂಬುವ ಕ್ರೇಟರ್ ಫಿಲ್ ಸೆಟ್ಟಿಂಗ್ ಇದ್ದರೆ ಬಳಸಿ. ಇಲ್ಲದಿದ್ದರೆ ಕೊನೆಗೆ ಬಂದ ಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿ ಬೀಡ್ ಮೇಲೆಯೇ ಮುಗಿಸಿ. ಅಥವಾ ತುದಿಗೆ ಒಂದು ಹೆಚ್ಚುವರಿ ತುಂಡು ಟ್ಯಾಕ್ ಮಾಡಿ (ಸಣ್ಣ ತಾತ್ಕಾಲಿಕ ವೆಲ್ಡ್ ಹಾಕಿ), ಗುಂಡಿಯನ್ನು ಅಲ್ಲಿಗೆ ಒಯ್ದು, ಆಮೇಲೆ ತುಂಡು ಕತ್ತರಿಸಿ ಬಿಸಾಕಿ. ಟ್ಯಾಕ್‌ಗಳಿಗೂ ಇದೇ ನಿಯಮ. ಚುಕ್ಕಿಯಂಥ ಟ್ಯಾಕ್ ಅಂದರೆ ಬರೀ ಗುಂಡಿಯೇ. ಉದ್ದ ಟ್ಯಾಕ್ ಹಾಕಿ, ಒಡೆದ ಟ್ಯಾಕ್ ಮೇಲೆ ಬೀಡ್ ಓಡಿಸಬೇಡಿ.

ಫಿಲೆಟ್‌ನಲ್ಲಿ ಒಳಕ್ಕೆ ಬಾಗಿದ ಬೀಡ್‌ಗಿಂತ ಸಪಾಟು ಅಥವಾ ಸ್ವಲ್ಪ ಉಬ್ಬಿದ ಬೀಡ್ ಮೇಲು. ಕುಗ್ಗುವಾಗ ತೆಳು ಕುತ್ತಿಗೆಯೇ ಮೊದಲು ಸೀಳುವುದು. ಕ್ಲಾಂಪ್‌ಗಳನ್ನು ಎಲ್ಲ ಕಡೆಯಿಂದ ಬಿಗಿದರೆ ಜಾಬ್ ವಕ್ರವಾಗುವುದಿಲ್ಲ, ಆದರೆ ಎಳೆತವೆಲ್ಲ ಬೀಡ್ ಮೇಲೆ ಬೀಳುತ್ತದೆ. ಒಂದು ಕಡೆಗಾದರೂ ಸರಿಯಲು ಜಾಗ ಬಿಡಿ, ನಡುವಿನಿಂದ ಹೊರಗೆ ವೆಲ್ಡ್ ಮಾಡುತ್ತಾ ಹೋಗಿ.

ಬಿಸಿ ಮಾಡುವ ವಿಷಯ. ದಪ್ಪ ಜಾಬ್‌ಗೆ, ಎರಕಕ್ಕೆ ಸ್ವಲ್ಪ ಬಿಸಿ ಬೇಕಾಗಬಹುದು. 6000 ಸರಣಿಯಲ್ಲಿ 120 ಡಿಗ್ರಿ ದಾಟಬೇಡಿ, ಆ ಬಿಸಿಯಲ್ಲಿ ಬಹಳ ಹೊತ್ತು ಇಡಲೂ ಬೇಡಿ. 6061-ಟಿ6ರ ಶಕ್ತಿ 310 ಮೆಗಾಪಾಸ್ಕಲ್ ಇದ್ದದ್ದು ವೆಲ್ಡ್ ಪಕ್ಕದಲ್ಲಿ ಹೇಗೂ 165ರ ಹತ್ತಿರ ಇಳಿಯುತ್ತದೆ. ಗ್ಯಾಸ್ ಕಟರ್ ಹಿಡಿದು ಕಾಯಿಸಿದರೆ ಇನ್ನೂ ದೂರದವರೆಗೆ ಮೆದುವಾಗುತ್ತದೆ. 5083ರಂಥದ್ದನ್ನು ಒಂದು ಬೀಡ್ ಮುಗಿದ ಮೇಲೆ ಮುಂದಿನದಕ್ಕೆ ಮೊದಲು 65 ಡಿಗ್ರಿಯ ಕೆಳಗೆ ಬರಲು ಬಿಡುವುದು ಕ್ಷೇಮ. ಅಲ್ಯೂಮಿನಿಯಂ ಬಿಸಿಯಾದರೂ ಕೆಂಪಾಗುವುದಿಲ್ಲ, ಕಣ್ಣಳತೆ ನಡೆಯುವುದಿಲ್ಲ. ನಿಗದಿತ ಬಿಸಿಗೆ ಕರಗುವ ಟೆಂಪರೇಚರ್ ಸ್ಟಿಕ್ ಇಟ್ಟುಕೊಳ್ಳಿ.

ಬಿರುಕು ಹುಡುಕುವುದು, ರಿಪೇರಿ ಮಾಡುವುದು

ಅನುಮಾನವಿದ್ದರೆ ಡಿಪಿ (ಡೈ ಪೆನೆಟ್ರಂಟ್) ಟೆಸ್ಟ್, ಅಂದರೆ ಬಿರುಕಿಗೆ ಬಣ್ಣ ಇಳಿಸಿ ಹುಡುಕುವ ಪರೀಕ್ಷೆ ಮಾಡಿ. ಮೂರು ಸ್ಪ್ರೇ ಡಬ್ಬಿ ಸಾಕು: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಡೈ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಹೊಡೆಯಿರಿ. ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆ ತಾನಾಗಿ ಮೂಡುತ್ತದೆ. ಬೀಡ್ ನಡುವೆ ಉದ್ದಕ್ಕೆ ಮೂಡಿದರೆ ಮಿಶ್ರಣ ಅಥವಾ ಬೀಡಿನ ಆಕಾರ ತಪ್ಪು. ಅಂಚಿನಲ್ಲಿ ಮೂಡಿದರೆ ರಾಡ್ ಬದಲಿಸುವ ಯೋಚನೆ ಮಾಡಿ. ಕೊನೆಯಲ್ಲಿ ನಕ್ಷತ್ರ ಮೂಡಿದರೆ ಗುಂಡಿ ತುಂಬಿಲ್ಲ.

ಸಿಕ್ಕ ಬಿರುಕಿನ ಮೇಲೆ ಇನ್ನೊಂದು ಬೀಡ್ ಎಳೆದು ಮುಚ್ಚುವುದು ಎಲ್ಲ ಕಡೆ ನಡೆಯುವ ಕೆಟ್ಟ ಕೆಲಸ. ಕೆಳಗಿನ ಬಿರುಕು ಮೇಲಿನ ಬೀಡ್‌ಗೂ ಹತ್ತುತ್ತದೆ. ಬಿರುಕು ಪೂರ್ತಿ ಹೋಗುವವರೆಗೆ ಕೊರೆಯಿರಿ. ಎರಕದಲ್ಲಾದರೆ ಎರಡೂ ತುದಿಗೆ ಸಣ್ಣ ತೂತು ಡ್ರಿಲ್ ಮಾಡಿಕೊಂಡು ಶುರು ಮಾಡಿ, ಇಲ್ಲದಿದ್ದರೆ ಬಿಸಿಗೆ ಅದು ಮುಂದೆ ಓಡುತ್ತದೆ. ಗ್ರೈಂಡಿಂಗ್‌ಗೆ ಕಬ್ಬಿಣ ಉಜ್ಜಿದ ಚಕ್ರ ಬೇಡ, ಕಾರ್ಬೈಡ್ ಬರ್ ಅಥವಾ ಅಲ್ಯೂಮಿನಿಯಂಗೇ ಇಟ್ಟ ಚಕ್ರ ಇರಲಿ. ಕೊರೆದ ಜಾಗಕ್ಕೆ ಮತ್ತೊಮ್ಮೆ ಡಿಪಿ ಮಾಡಿ, ಕೆಂಪು ಬರಲಿಲ್ಲ ಎಂದಾದ ಮೇಲೆ ಡೈ ಪೂರ್ತಿ ತೊಳೆಯಿರಿ. ನಂತರ ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿ. ಈ ಕ್ರಮ ತಿರುಗುಮುರುಗು ಮಾಡಿದರೆ ಬ್ರಷ್ಷೇ ಜಿಡ್ಡನ್ನು ಲೋಹದೊಳಕ್ಕೆ ತಿಕ್ಕುತ್ತದೆ. ರಾಡ್ ಕೈಗೆತ್ತಿಕೊಳ್ಳುವ ಮುಂಚೆ ತುದಿಯ ನಂಬರ್ ಓದಿ. ಓದಲಾಗದ ರಾಡ್ ಇದ್ದರೆ ಅದನ್ನು ಪ್ರಾಕ್ಟೀಸ್ ತುಂಡುಗಳಿಗೆ ಎತ್ತಿಡಿ.